ಹಳದಿ ಕಾರಿನ ಸಂಕಲ್ಪ

ನೀವು ನಂಬುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ಕಾರುಗಳು ರೇಸಿಗೆ ಸಾಲಾಗಿ ನಿಂತಿದ್ದರೆ ಸಾಕು, ಕೊನೆಗೆ ಯಾರು ಹಲ್ಲು ಬಿಡುತ್ತಾರೆ, ಯಾರು ಬಾನೆಟ್ ಎತ್ತಿ ಹೊಗೆಗೆ ಟವೆಲ್ ಬೀಸುತ್ತಾರೆ ಎಂದು ನಾನು ಮೊದಲೇ ಹೇಳಬಲ್ಲೆ. ಟಿ.ವಿ.ಯ ದೊಡ್ಡ ರೇಸುಗಳನ್ನು ಹೀಗೆ ಹೇಳಿ ಹೇಳಿಯೇ, ಪಿಯುಸಿ ಮುಗಿಯುವ ಮೊದಲೇ ಬೀದಿಯಲ್ಲಿ ನನಗೆ ‘ಜೋಯಿಸ’ ಎಂದು ಹೆಸರು ಬಿದ್ದಿತ್ತು. ಮದುವೆಗೆ ಮುಹೂರ್ತ ಕೇಳಲು ಯಾರೂ ಬಂದಿರಲಿಲ್ಲ, ಅಷ್ಟೇ.

ಆ ಭಾನುವಾರ ವಿಜಯನಗರದಾಚೆ, ಇನ್ನೂ ಮನೆಗಳು ಏಳದ ಸೈಟುಗಳ ಪಕ್ಕದ ಮಣ್ಣಿನ ಮೈದಾನದಲ್ಲಿ ಊರ ಹುಡುಗರ ಕಾರ್ ರೇಸು. ಎರಡೆರಡು ಕಾರಿನ ನಾಲ್ಕು ಸಾಲು. ಎರಡನೇ ಸಾಲಿನ ಹಳದಿ ಕಾರು ಅಮ್ಮನದು, ಅವಳು ದಿನಾ ಆಫೀಸಿಗೆ ಓಡಿಸುವುದು. ಒಳಗೆ ಕೂತಿದ್ದವನು ನನ್ನಣ್ಣ. ಗೆಳೆಯನ ಅಕ್ಕನ ನಿಶ್ಚಿತಾರ್ಥ ಎಂದು ಹೇಳಿ ಕೀ ಇಸಿದುಕೊಂಡಿದ್ದ.

ಹಿಂದಿನ ವರ್ಷ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಬೈಕಿನಿಂದ ಬಿದ್ದು ಅವನ ಎಡಭುಜ ಮುರಿದಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಆ ಕೈಯ ಆಸೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಈಗಲೂ ಅವನು ಎಡಗೈಯನ್ನು ಬಲಗೈಯಲ್ಲಿ ಹಿಡಿದು, ಮಗುವಿಗೆ ತೊಡಿಸಿದಂತೆ ಶರ್ಟಿನೊಳಗೆ ತೂರಿಸುತ್ತಾನೆ.

ಹೊರಡುವಾಗ ಬೀದಿಯ ಗಣಪತಿ ಗುಡಿಯ ಮುಂದೆ ಕಾರು ನಿಲ್ಲಿಸಿದ. ಪೂಜೆ ಇಲ್ಲದೆ ಚಕ್ರ ಉರುಳುವ ಮನೆತನವಲ್ಲ ನಮ್ಮದು. ಭಟ್ಟರು ಗಾಲಿಗಳಡಿ ನಿಂಬೆಹಣ್ಣಿಟ್ಟು, “ಏನಂತ ಸಂಕಲ್ಪ ಮಾಡ್ಲಪ್ಪಾ?” ಎಂದರು.

ನಾನು ಅಣ್ಣನ ಪಕ್ಕೆ ತಿವಿದೆ. ಅವನು ಗಣಪತಿಯ ಮುಖ ನೋಡಿದ. ಅಲ್ಲಿಗೆ ಕೆಟ್ಟಿತು.

“ರೇಸು, ಭಟ್ರೇ. ರಿಂಗ್ ರೋಡಾಚೆ ಮೈದಾನದಲ್ಲಿ. ಏಟಾಗ್ದೆ ಮನೆಗ್ ಬರ್ಬೇಕು, ಅಂಗಂತ ಮಾಡ್ಬುಡಿ.”

ಕಾರು ಹತ್ತಿದ ಮೇಲೆ ಕೇಳಿದೆ: “ಅಮ್ಮಂಗ್ ಸುಳ್ಳು, ದೇವ್ರಿಗ್ ನಿಜಾನಾ?”

“ನಿಶ್ಚಿತಾರ್ಥ ಅಂದಿದ್ರೆ ಫಲ ಆ ಹುಡ್ಗೀಗ್ ಹೋಗ್ಬುಡ್ತಿತ್ತು ಕಣೋ!”

ಮೈದಾನದಲ್ಲಿ ನನ್ನ ದರ್ಬಾರು ಶುರುವಾಯಿತು. ಕೈಯಲ್ಲಿ ಚುರುಮುರಿ ಪೊಟ್ಟಣ, ಸುತ್ತ ಜನ. ಮೀಸೆಯ ಯಜಮಾನರೊಬ್ಬರು, “ಏನ್ ಮರಿ, ಯಾರ್ ಗೆಲ್ತಾರೆ?” ಎಂದರು.

“ಮುಂದಿನ ಸಾಲಲ್ಲಿ ಕೆಂಪು ಕಾರು ನೋಡಿ ಸಾರ್. ಚಕ್ರ ಈಗ್ಲೇ ಪಕ್ಕದ ಬಿಳೀ ಕಾರಿನ ಕಡೆ ತಿರುಗ್ಸಿಟ್ಟಿದಾನೆ. ಬಾವುಟ ಬಿದ್ದ ತಕ್ಷಣ ಅಡ್ಡ ನುಗ್ತಾನೆ. ಬಿಳಿಯವ್ನು ಹೆದ್ರಿ ಬ್ರೇಕ್ ಒತ್ತುತಾನೆ. ಅವ್ನ ಮುಖ ನೋಡಿ, ಈಗ್ಲೇ ಅತ್ತೆ ಮನೇಲಿ ಊಟಕ್ ಕೂತಂಗಿದಾನೆ!”

ಜನ ನಕ್ಕರು.

“ಬಿಳೀದ್ರ ಹಿಂದ್ಗಡೆ ಹಳದಿ ಅದೆಯಲ್ಲಪ್ಪಾ?”

“ಹಳದಿಯವ್ನು ಸಂದೀಲಿ ನುಗ್ಬೇಕು ಸಾರ್. ತಟ್ಟಂತ ಸೆಕೆಂಡ್ ಗೇರ್ ಬೀಳ್ಬೇಕು. ಇಲ್ಲಾಂದ್ರೆ ಹಿಂದೆ ಆ ಕಬ್ಬಿಣದ ಬಂಪರಿನ ಜೀಪ್ ಇದೆಯಲ್ಲಾ, ಬಂದು ಗುದ್ದುತ್ತೆ. ಹಳದಿ ಅಪ್ಪಚ್ಚಿ!”

ಈ ಸಲ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗುತ್ತಿದ್ದೆ. ಆಗ ಹೊಳೆಯಿತು. ಗೇರು ಹಾಕುವುದು ಎಡಗೈಯಲ್ಲಿ.

“ಯಾಕ್ ಮರಿ, ಹಳದಿಯವ್ನು ಗೇರ್ ಹಾಕಾಕಿಲ್ವಾ?”

“ಹಾಕ್ತಾನೆ… ನಿಧಾನಕ್ಕೆ.”

ಪೊಟ್ಟಣ ಅವರ ಕೈಗೆ ತುರುಕಿ ಹಗ್ಗದ ಬೇಲಿಯವರೆಗೆ ಓಡಿದೆ. “ಅಣ್ಣಾ, ಇಳಿಯೋ! ಬೇಡ ಕಣೋ!” ಎಂಟು ಇಂಜಿನುಗಳ ಆರ್ಭಟದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ನಾನು ಹುರಿದುಂಬಿಸುತ್ತಿದ್ದೇನೆ ಎಂದುಕೊಂಡನೋ ಏನೋ, ನಕ್ಕು ಬಲಗೈ ಎತ್ತಿದ. ಎಡಗೈ ತೊಡೆಯ ಮೇಲೇ ಇತ್ತು. ಬಾವುಟದವನು ಕೈ ಮೇಲೆತ್ತಿದ. ಜೀಪು ಗುರುಗುಟ್ಟಿತು. ನನ್ನ ಮಾತು ಒಂದು ಸಲವಾದರೂ ಸುಳ್ಳಾಗಲಿ ಎಂದು ಗಣಪತಿಗೆ ನಾನೂ ಒಂದು ಸಂಕಲ್ಪ ಮಾಡಿದೆ. ದಕ್ಷಿಣೆ ಇಟ್ಟಿರಲಿಲ್ಲ.

ಆಗ ಗೇಟಿನಿಂದ ಆಟೋ ಒಂದು ಒಳನುಗ್ಗಿ, ಸೀದಾ ಕೆಂಪು ಕಾರಿನ ಮೂತಿಗೆ ಅಡ್ಡ ನಿಂತಿತು. ಅಮ್ಮ ಇಳಿದಳು. ಕೈಯಲ್ಲಿ ಹಣ್ಣು-ಕಾಯಿಯ ಬುಟ್ಟಿ, ಹಣೆಯಲ್ಲಿ ಗುಡಿಯ ಕುಂಕುಮ ಇನ್ನೂ ಹಸಿ.

“ಮೇಡಂ, ರೇಸ್ ಶುರುವಾಗ್ತಿದೆ, ಪಕ್ಕಕ್ ಬನ್ನಿ!” ಎಂದ ಬಾವುಟದವನು.

“ಮಾಡ್ಕೊಳ್ರಪ್ಪಾ. ನನ್ ಕಾರು, ನನ್ ಮಗ, ಎರಡನ್ನೂ ಕೊಟ್ಬುಡಿ.”

ಹಳದಿ ಕಾರಿನ ಬಾಗಿಲು ತೆಗೆದಳು. ಅಣ್ಣ, “ಅಮ್ಮಾ, ಅದು…” ಎಂದ.

“‘ಮಗನ ರೇಸ್‌ಗೆ ಸಂಕಲ್ಪ ಮಾಡಿದೀನಿ, ಯೋಚ್ನೆ ಮಾಡ್ಬೇಡಿ ತಾಯಿ’ ಅಂತಾರೆ ಭಟ್ರು. ಇಳಿಯೋ ಕೆಳಗೆ.”

ಅವನ ಬಲಗೈ ಹಿಡಿದು ಎಳೆದಳು. ಎಡಗೈಯನ್ನು ಮುಟ್ಟಲೂ ಇಲ್ಲ. ಡ್ರೈವರ್ ಸೀಟಿನಲ್ಲಿ ತಾನೇ ಕೂತು, ಕನ್ನಡಿ ಸರಿಮಾಡಿಕೊಂಡು, ಬೇಲಿಯ ಕಡೆ ತಿರುಗಿದಳು.

“ಏಯ್ ಜೋಯಿಸ, ಹತ್ತು. ಮನೇಲಿ ಏನಾಗುತ್ತೆ ಅಂತ ದಾರೀಲಿ ಹೇಳೀವಂತೆ.”