ಅಕ್ಕ ಹಾಕಿದ ಹುಟ್ಟು

ಸಿಡ್ನಿ ಬಂದರಿನಲ್ಲಿ ನಮ್ಮ ದೋಣಿ ಗಿರಗಿರನೆ ಸುತ್ತತೊಡಗಿತು. ಆ ಕಡೆ ಜನ ತುಂಬಿದ ಫೆರಿ, ಈ ಕಡೆ ಹಾಯಿದೋಣಿಗಳ ಸಾಲು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ನಾವು ಮಾತ್ರ ಇದ್ದಲ್ಲೇ ಪ್ರದಕ್ಷಿಣೆ!

ದೋಣಿ ಅಂದೆನಲ್ಲ, ಅದು ಕಯಾಕ್. ಒಬ್ಬರ ಹಿಂದೊಬ್ಬರು ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಉದ್ದನೆಯ, ಹಗುರ ದೋಣಿ. ಟೂರ್‌ನವರೆಲ್ಲ ಶಾಪಿಂಗ್‌ಗೆ ಹೊರಟರೆ, ನಮ್ಮ ಶಾಂತಕ್ಕ ನೀರಿಗಿಳಿಯುತ್ತೇನೆಂದು ಹಟ ಹಿಡಿದಳು. ಮಾನ್ವಿಯಲ್ಲಿ ಸೀರೆ ಅಂಗಡಿ ನಡೆಸುವ ನನ್ನ ಅಕ್ಕ ಅವಳು. (ಅಂದು ಹಾಕಿಕೊಂಡಿದ್ದು ನನ್ನ ಟ್ರ್ಯಾಕ್ ಪ್ಯಾಂಟ್. ಫೋಟೊ ತೆಗೆಯಬಾರದೆಂಬ ಕರಾರಿನ ಮೇಲೆ!)

“ಅನುಭವ ಇದೆಯೆ?” ಎಂದು ಗೈಡ್ ಹುಡುಗಿ ಕೇಳಿದಾಗ ಅಕ್ಕ ಗತ್ತಿನಿಂದ ತಲೆಯಾಡಿಸಿದ್ದಳು. ಸುಳ್ಳೇನಲ್ಲ. ನಮ್ಮ ತವರು ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆ. ಹರಿಗೋಲಿನಲ್ಲಿ ನದಿ ದಾಟುವಾಗ ಅಂಬಿಗರ ಕೈಯಿಂದ ಹುಟ್ಟು ಕಸಿದುಕೊಂಡು ತಾನೇ ಹಾಕುತ್ತಿದ್ದವಳು ಅವಳು. ನಾನೋ, ರಾಯಚೂರಿನ ಹಾಸ್ಟೆಲ್ ಪಾಲಾದವಳು. ನನಗೆ ಗೊತ್ತಿದ್ದದ್ದು ಬಕೆಟ್ ನೀರು.

ಯಡವಟ್ಟಾಗಿದ್ದು ಅಲ್ಲೇ. ಹರಿಗೋಲು ಬುಟ್ಟಿಯ ಹಾಗೆ ದುಂಡಗೆ. ಹುಟ್ಟನ್ನು ಮುಂದೆ ಮುಳುಗಿಸಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಕಯಾಕಿಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾಕಬೇಕು. ಮುಂದೆ ಕೂತಿದ್ದ ಅಕ್ಕ ಹರಿಗೋಲಿನ ಹಾಗೆಯೇ ಒಂದೇ ಕಡೆ ಎಳೆದಳು. ದೋಣಿ ತಿರುಗದೆ ಏನು ಮಾಡೀತು? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇದು ಅಕ್ಷರಶಃ ಹುಟ್ಟಿನ ಗುಣ.

ಗೈಡ್ ಹಗ್ಗ ಹಿಡಿದು ಬಂದಳು. ತನ್ನ ಕಯಾಕಿಗೆ ಕಟ್ಟಿಕೊಂಡು ದಡಕ್ಕೆ ಎಳೆದೊಯ್ಯುತ್ತಾಳಂತೆ.

“ಹಗ್ಗ ಹಾಕಿ ಜಗ್ಗಿಸಿಕೊಳ್ಳಾಕ ನಾವೇನು ಎಮ್ಮಿ ಏನು? ಬ್ಯಾಡ ಅನ್ನು ಆಕಿಗೆ,” ಅಂದಳು ಅಕ್ಕ. ನನ್ನತ್ತ ತಿರುಗಿದ ಮುಖ ಕೆಂಪಾಗಿತ್ತು.

ಇನ್ನೊಂದು ಚಾನ್ಸ್ ಕೊಡಿ ಎಂದು ನಾನು ಬೇಡಿಕೊಂಡೆ. ಪಕ್ಕದ ಕಯಾಕಿನವರನ್ನು ನೋಡಿ ಅಕ್ಕ ಎಡ-ಬಲ ಹಾಕಿದಳು. ದೋಣಿ ನೆಟ್ಟಗೆ ಹೊರಟಿತು! ಅಷ್ಟರಲ್ಲಿ ಫೆರಿ ಎಬ್ಬಿಸಿದ ಅಲೆ ಬದಿಯಿಂದ ನುಗ್ಗಿ ಬಂತು. ಹೆದರಿ ನಾನು ಎದ್ದೇಬಿಡುವವಳಿದ್ದೆ.

“ಸುಮ್ನ ಕುಂದ್ರಬೇ! ಅಲಿಗೆ ಎದಿ ಕೊಡಬೇಕು, ಪಕ್ಕಡಿ ಕೊಡಬಾರದು!”

ಮತ್ತೆ ಅದೇ ಹರಿಗೋಲಿನ ಎಳೆತ. ದೋಣಿಯ ಮೂತಿಯ ಬಳಿ ಹುಟ್ಟು ಮುಳುಗಿಸಿ ಜಗ್ಗಿದಳು. ಕಯಾಕ್ ಗಕ್ಕನೆ ತಿರುಗಿ ಅಲೆಗೆ ಎದುರಾಯಿತು. ಮೇಲೆದ್ದೆವು, ಕೆಳಗಿಳಿದೆವು, ಬಚಾವಾದೆವು. ಗೈಡ್ ಹಗ್ಗ ಸುತ್ತಿ ಒಳಗಿಟ್ಟಳು. ನನಗಾದ ಹೆಮ್ಮೆ ಎಷ್ಟೆಂದರೆ, ಫೆರಿಯಲ್ಲಿದ್ದ ಅಪರಿಚಿತರಿಗೆಲ್ಲ “ಈಕೆ ನಮ್ಮಕ್ಕ!” ಎಂದು ಕೂಗಿ ಹೇಳಬೇಕೆನಿಸಿತು.

ರಾಯಚೂರು ಅಂದರೆ ಬಿಸಿಲು, ಅಷ್ಟೇ ಎಂದುಕೊಂಡವರು ಎಷ್ಟು ಜನ! ಹೊರಗಿನವರ ಮಾತು ಬಿಡಿ. ಎರಡು ನದಿಗಳ ನಡುವೆ ಬದುಕುವ ನಮಗೇ ನಾವು ನೀರಿನವರು ಎಂಬುದು ನೆನಪಿರುತ್ತದೆಯೆ?

ದಡ ಮುಟ್ಟಿದ ಮೇಲೆ ಗೈಡ್ ಅಕ್ಕನ ಕೈ ಕುಲುಕಿ, “ನಿಮ್ಮೂರು ಸಮುದ್ರದ ಪಕ್ಕದಲ್ಲಿದೆಯೆ?” ಎಂದು ಕೇಳಿದಳು. ಅದನ್ನು ಕನ್ನಡದಲ್ಲಿ ಅಕ್ಕನಿಗೆ ಹೇಳಿದೆ.

“ಸಮುದ್ರ ಯಾಕ ಬೇಕಂತ ಕೇಳು. ನಮಗ ಕೃಷ್ಣಿ ಅದಾಳ!”