ರಂಗಂಪೇಟೆ ಸೊನ್ನೆಯಾದ ತಿಂಗಳು

ಪಂಚಶೀಲಾ ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳಿಯೇ ಹತ್ತುತ್ತಾಳೆ. "ನಿನಗ ಗಂಡು ನೋಡೋದಂದ್ರ ಮೊದಲ ಅವನ್ನ ಲ್ಯಾಬಿಗೆ ಕಳಸಬೇಕಾಗ್ತದ" ಎಂದು ತಾಯಿ ದೇವಕಮ್ಮ ಕಾಡಿಸುತ್ತಾಳೆ. ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ಮಗಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಅವಳ ಕೆಲಸ ಯಾದಗಿರಿಯ ಒಂದು ಸಂಸ್ಥೆಯಲ್ಲಿ. ಯಾದಗಿರಿ, ಶಹಾಪುರ, ಸುರಪುರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಕಾರ್ಯಕರ್ತೆಯರು ಪರೀಕ್ಷಿಸುತ್ತಾರೆ. ತಾಲ್ಲೂಕಿಗೊಂದರಂತೆ ಎಕ್ಸೆಲ್ ಫೈಲುಗಳು ಬರುತ್ತವೆ. ಅವಳು ಕಂಪ್ಯೂಟರಿನಲ್ಲಿ ಕಟ್ಟಿದ ವರದಿ ಮಾದರಿ ಅವನ್ನು ಓದಿ ಪಟ್ಟಿ, ನಕ್ಷೆ ಮಾಡಿಕೊಡುತ್ತದೆ. ಈ ತಿಂಗಳಿಂದ ಎಕ್ಸೆಲ್ ಬೇಡ, ಸಿಎಸ್‌ವಿ ಫೈಲೇ ಬೇಕೆಂದು ಮೇಲಿನವರ ಹುಕುಂ ಬಂತು. ಸಿಎಸ್‌ವಿ ಎಂದರೆ ಬಣ್ಣ, ಗೆರೆ ಏನೂ ಇಲ್ಲದೆ ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರ, ಅಂಕಿ. ಹಗುರ, ಬೇಗ ತೆರೆಯುತ್ತದೆ. ಪಂಚಶೀಲಾ ಮಾದರಿ ಓದುವ ಮೂಲವನ್ನು ಸಿಎಸ್‌ವಿಗೆ ಬದಲಿಸಿದಳು, ಕಾಲಂಗಳ ಹೆಸರು ತಾಳೆ ನೋಡಿದಳು, ರಿಫ್ರೆಶ್ ಒತ್ತಿದಳು.

ಪಟ್ಟಿಯಲ್ಲಿ ಯಾದಗಿರಿಯ ಹತ್ತಿಕುಣಿ ಬಂತು, ಶಹಾಪುರದ ವನದುರ್ಗ ಬಂತು. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆ ಮಾತ್ರ ಬರಲಿಲ್ಲ.

"ನಾ ಹೇಳ್ಲಿಲ್ಲೇನ್ರಿ?" ಎಂದ ಸಂಯೋಜಕ ಶ್ರೀಮಂತ. "ಅಲ್ಲಿ ಕಾರ್ಯಕರ್ತೆ ಕುಬ್ರಾಬೇಗಂ ತಿರಗೋದೇ ಬಿಟ್ಟಾಳ. ಈ ವಾರ ಅಕಿ ಕರಾರು ಮುಗೀತದ. ಮುಂದುವರಸೋದು ಬ್ಯಾಡ ಅಂತ ಬರದಬಿಡ್ತೀನಿ."

ಪಂಚಶೀಲಾಳಿಗೂ ಅನುಮಾನ ಹೊಸದಲ್ಲ. ರಂಗಂಪೇಟೆಯ ಅಂಕಿಗಳು ತಿಂಗಳಿಂದ ತಿಂಗಳಿಗೆ ಕದಲುತ್ತಲೇ ಇರಲಿಲ್ಲ. ನೀರು ಅಷ್ಟು ಶಿಸ್ತಿನಿಂದ ಇರುತ್ತದೆಯೇ? ಆದರೆ ಅನುಮಾನವನ್ನೂ ಒಂದೇ ಸಲಕ್ಕೆ ನಂಬುವುದು ಅವಳ ಜಾಯಮಾನವಲ್ಲ.

"ಒಂದಿನ ತಡೀರಿ ಸರ್. ನೋಡಿ ಬರ್ತೀನಿ."

ಸುರಪುರದವರಿಗೆ ತಿಳಿಸದೆ ಪರೀಕ್ಷೆಯ ಕಿಟ್ ಹಿಡಿದು ಹೊರಟವಳು ರಂಗಂಪೇಟೆಯ ಒಂದು ಬೋರಿನ ಮುಂದೆ ನಿಂತಳು. ನೀರು ತುಂಬುತ್ತಿದ್ದ ಗೊಲ್ಲಾಳಮ್ಮ ಎಂಬ ಹೆಂಗಸನ್ನು ಕೇಳಿದಳು: "ನೀರು ನೋಡಾಕ ಯಾರರೆ ಬರ್ತಾರೇನ್ರಿ?"

"ಕುಬ್ರಾಬೇಗಂ ಬರ್ತಾಳಲ್ಲ, ಸೀಸೆ ಹಿಡ್ಕೊಂಡು. ನೀ ಯಾರವ್ವ, ಅಕಿ ಮ್ಯಾಲಿನ ಸಿಐಡಿ ಏನು?"

ಹೇಳಿಕೊಟ್ಟ ಮಾತಿರಬಹುದು ಅನ್ನಿಸಿತು. ತಾನೇ ಪರೀಕ್ಷೆ ಮಾಡಿದಳು. ಹಿಂದಿನ ತಿಂಗಳು ಕುಬ್ರಾಬೇಗಂ ಕೊಟ್ಟಿದ್ದ ಅಂಕಿಯೇ ಬಂತು. ಬಾಟಲಿ ತೊಳೆದು ಮತ್ತೆ ಮಾಡಿದಳು. ಅದೇ.

ಸಂಸ್ಥೆಯ ಸುರಪುರದ ಆಫೀಸಿಗೆ ಹೋಗುವಷ್ಟರಲ್ಲಿ ಸುದ್ದಿ ಮುಂದೆ ಹೋಗಿತ್ತು. ಕುಬ್ರಾಬೇಗಂ ಬಾಗಿಲಲ್ಲೇ ನಿಂತಿದ್ದಳು.

"ನನ್ ಮ್ಯಾಲೆ ಶಕ್ ಏನ್ರಿ ಮೇಡಂ? ಫೋನ್ ಮಾಡಿದ್ರ ನಾನೇ ಬರ್ತಿದ್ದಿಲ್ಲೇನು, ಬಿಸಲಾಗ ಛತ್ರಿ ಹಿಡ್ಯಾಕ?"

ಪಂಚಶೀಲಾ ಒಳಗೆ ಹೋದಳು. ಕಂಪ್ಯೂಟರಿನ ಮುಂದಿದ್ದ ಆಪರೇಟರ್ ಅಮರಪ್ಪನ ಪಕ್ಕ ಕುರ್ಚಿ ಎಳೆದುಕೊಂಡಳು. "ಫೈಲು ಹೆಂಗ ಕಳಸ್ತೀರಿ, ನನ್ನ ಮುಂದ ಮಾಡ್ರಿ."

ಅಮರಪ್ಪ ಎಕ್ಸೆಲ್ ತೆರೆದ. ಕೆಳಗೆ ಎರಡು ಹಾಳೆ: ಒಂದು ಸುರಪುರ, ಇನ್ನೊಂದು ರಂಗಂಪೇಟೆ.

"ಎರಡ್ಯಾಕ?"

"ರಂಗಂಪೇಟಿ ಮಂದಿ ಸುರಪುರದ ಹೆಸರಿನ ಕೆಳಗ ಕೂಡಂಗಿಲ್ರಿ. ನಮ್ದು ಬ್ಯಾರೆ ಬರೀರಿ ಅಂತ ಜಗಳಾ ತಗದ್ರು. ಮೊದಲಿಂದ ಬ್ಯಾರೇನೇ."

ಸಿಎಸ್‌ವಿಯಾಗಿ ಉಳಿಸುವಾಗ ಪರದೆಯ ಮೇಲೆ ಒಂದು ಸೂಚನೆ ಬಂತು. ಓದುವ ಮೊದಲೇ ಅಮರಪ್ಪ ಓಕೆ ಒತ್ತಿದ.

"ಏನಿತ್ತದರಾಗ?"

"ಏನೋ ಇಂಗ್ಲಿಷ್ ಬರ್ತದ್ರಿ. ಓಕೆ ಹೊಡದ್ರ ಹೋಗ್ತದ."

ಮತ್ತೆ ಮಾಡಿಸಿ ಓದಿದಳು: ಸಿಎಸ್‌ವಿಯಲ್ಲಿ ಒಂದೇ ಹಾಳೆ ಉಳಿಯುತ್ತದೆ, ಈಗ ತೆರೆದಿರುವುದು ಮಾತ್ರ. ತೆರೆದಿದ್ದುದು ಸುರಪುರದ ಹಾಳೆ; ರಂಗಂಪೇಟೆ ಬಿದ್ದುಹೋಗಿತ್ತು. ಹಳೆಯ ಮಾದರಿ ಎಷ್ಟು ಹಾಳೆಯಿದ್ದರೂ ತಾನಾಗಿ ಓದಿಕೊಳ್ಳುತ್ತಿತ್ತು. ಸುರಪುರದ ಫೈಲಿನಲ್ಲಿ ಎಷ್ಟು ಹಾಳೆ ಇವೆಯೆಂದು ಅವಳು, ಬಸ್ಸಿನ ಬೋರ್ಡನ್ನೂ ನಂಬದವಳು, ಒಮ್ಮೆಯೂ ನೋಡಿರಲಿಲ್ಲ.

ಎರಡು ಹಾಳೆಗಳನ್ನು ಬೇರೆ ಬೇರೆ ಸಿಎಸ್‌ವಿಯಾಗಿ ಉಳಿಸಿದರು. ಪಂಚಶೀಲಾ ತನ್ನ ಲ್ಯಾಪ್‌ಟಾಪಿನಲ್ಲಿ ಮಾದರಿಗೆ ತಾಲ್ಲೂಕಿಗೊಂದೇ ಫೈಲಿನ ಬದಲು ಇಡೀ ಫೋಲ್ಡರನ್ನು ಮೂಲವಾಗಿ ಕೊಟ್ಟಳು. ರಂಗಂಪೇಟೆ ಬಂತು. ಶ್ರೀಮಂತನಿಗೆ ಫೋನು ಮಾಡಿ ಹೇಳಿದಳು.

"ಅಕಿ ಚಹಾ ಕುಡಿಸಿ ಒಲಸಿಕೊಂಡಾಳೇನ್ರಿ?" ಎಂದ ಅವನು.

"ನೀರು ನಾನೇ ನೋಡೀನಿ ಸರ್. ತಪ್ಪು ನನ್ನ ಮಾದರೀದು. ಕರಾರು ಮುಂದುವರಸ್ರಿ, ನಾ ಬರದು ಕೊಡ್ತೀನಿ."

"ಆತ್ರಿ, ಬರದು ಕಳಸ್ರಿ" ಎಂದ.

ಕುಬ್ರಾಬೇಗಂ ಎಲ್ಲ ಕೇಳಿಸಿಕೊಂಡಿದ್ದಳು. ನಗಲಿಲ್ಲ. ಕಿಟ್ ಚೀಲ ಹೆಗಲಿಗೇರಿಸಿ, "ಇನ್ನೂ ಬೋರು ಉಳದಾವ. ಬರ್ರಿ ಮೇಡಂ, ಅವನ್ನೂ ನೋಡೇ ಬಿಡ್ರಿ" ಎಂದಳು.

"ನಡೀರಿ ಆಪಾ" ಎಂದು, ಅವಳನ್ನು ಅಕ್ಕನೆಂದು ಕರೆದು, ಪಂಚಶೀಲಾ ಎದ್ದಳು.