ಅತ್ತೆಯ ಮೂಗು, ನನ್ನ ಸಾರು

ನಮ್ಮ ಮನೆಯಲ್ಲಿ ಅಡುಗೆ ಮಾಡುವಾಗ ರುಚಿ ನೋಡುವಂತಿಲ್ಲ. ದೇವರಿಗೆ ನೈವೇದ್ಯವಾಗುವ ತನಕ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದರೂ ಸಾರು ಎಂಜಲಾದಂತೆಯೇ. ಮೈಸೂರಿನಲ್ಲಿ ಅಮ್ಮ ಹಾಗೆ ಕಲಿಸಿದ್ದರು, ಮದುವೆಯಾದ ಮೇಲೆ ಅತ್ತೆಯೂ ಅದನ್ನೇ ಹೇಳಿದರು. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿಗೆ ಬಂದ ಮೇಲೂ ಅದು ತಪ್ಪಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಮೂಗಿನಿಂದಲೇ ಅಳೆಯಬೇಕು. ಕುದಿಯುವ ಸಾರಿನ ಆವಿಯಲ್ಲೇ ಉಪ್ಪು ಕಡಮೆಯಾದದ್ದು ನನಗೆ ತಿಳಿಯುತ್ತಿತ್ತು. ನಂಬದವರು ನಂಬಬೇಡಿ, ನನಗಂತೂ ಆ ಬಗ್ಗೆ ಬೇಕಾದಷ್ಟು ಜಂಬವಿತ್ತು.

ಆ ಜಂಬ ಇಳಿಸುವುದಕ್ಕೇ ಎಂಬಂತೆ ಕೋವಿಡ್ ಬಂತು. ಜ್ವರ ನಾಲ್ಕು ದಿನದಲ್ಲಿ ಬಿಟ್ಟಿತು, ಮೂಗು ಮಾತ್ರ ವಾಪಸು ಬರಲಿಲ್ಲ. ನಾಲಿಗೆಯೂ ಅದರ ಹಿಂದೆಯೇ ಹೊರಟುಹೋಯಿತು. ಇಂಗಿನ ಡಬ್ಬಿಯೊಳಗೆ ಮುಖವಿಟ್ಟರೂ ಏನೂ ಇಲ್ಲ. ಯಾರಿಗೂ ಹೇಳಲಿಲ್ಲ. ಆಫೀಸಿನಲ್ಲಿ ನನ್ನಂಥವರು ನೂರು ಜನ ಇದ್ದಾರೆ, ಆದರೆ ನಮ್ಮ ಬಳಗದಲ್ಲಿ ನನ್ನ ಸಾರಿಗೆ ಇನ್ನೊಂದು ಸಾಟಿಯಿಲ್ಲ. ಅದೂ ಹೋದರೆ ನಾನು ಯಾರು ಎನ್ನುವ ಭಯ.

ಅಳತೆಯ ಚಮಚ ಹಿಡಿದು ಅಂದಾಜಿನಲ್ಲಿ ಅಡುಗೆ ಮಾಡತೊಡಗಿದೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಸಾರು ಇಳಿಸಿ, ಮಹಡಿ ಹತ್ತಿ ಒಂಬತ್ತರ ಮೀಟಿಂಗಿಗೆ ಕೂರುತ್ತಿದ್ದೆ. ಹತ್ತಕ್ಕೆ ಅತ್ತೆ ದೀಪ ಹಚ್ಚಿ ನೈವೇದ್ಯ ಮಾಡುತ್ತಿದ್ದರು. ಹಾಲ್‌ನಲ್ಲಿ ಕೋಟು ನೇತುಹಾಕಲೆಂದು ಮಾಡಿದ, ಬಾಗಿಲಿರುವ ಕ್ಲಾಸೆಟ್ಟೇ ನಮ್ಮ ದೇವರಮನೆ. ಆಶ್ಚರ್ಯವೆಂದರೆ, ಒಂದು ವರ್ಷ ಕಳೆದರೂ ಊಟಕ್ಕೆ ಕೂತವರು ಯಾರೂ ಮುಖ ಸಿಂಡರಿಸಲಿಲ್ಲ. ಹೋಬೋಕನ್ನಿನಲ್ಲಿರುವ ಮಗಳು ವಾರದ ಕೊನೆಗೆ ಬಂದು, “ಅಮ್ಮಾ, ದಿಸ್ ಈಸ್ ಯುವರ್ ಬೆಸ್ಟ್ ಒನ್” ಎಂದು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು. ಮೂಗು ಹೋದರೇನು, ಕೈಗೆ ಅಭ್ಯಾಸವಿದೆಯಲ್ಲ ಎಂದುಕೊಂಡು ನಾನು ಬೀಗಿದೆ.

ಕಳೆದ ವಸಂತದಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮಗಳು ಸ್ಪೇನ್ ಪ್ರವಾಸ ಬುಕ್ ಮಾಡಿದಳು. ನಾನು, ನನ್ನ ಗಂಡ, ಅತ್ತೆ ಮೂವರಿಗೂ ಟಿಕೆಟ್. ಸೆವಿಲ್ ನಗರದಲ್ಲಿ ಒಂದು ಸಂಜೆ ವೈನ್ ಮತ್ತು ಚೀಸ್ ರುಚಿ ನೋಡುವ ಕಾರ್ಯಕ್ರಮವಂತೆ. ಅದನ್ನು ಕೇಳಿದ್ದೇ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಅತ್ತೆ ಹೋಟೆಲಿನಲ್ಲೇ ಉಳಿದರೆ ಅವರ ನೆಪದಲ್ಲಿ ನಾನೂ ತಪ್ಪಿಸಿಕೊಳ್ಳಬಹುದೆಂದು ಲೆಕ್ಕ ಹಾಕಿದ್ದೆ. ಅವರೋ, “ನಾನೊಬ್ಬಳೇ ರೂಮಲ್ಲಿ ಕೂತು ಏನು ಮಾಡ್ಲಿ? ಅವರು ಕುಡೀಲಿ, ನಾನು ನೋಡ್ತೀನಿ” ಎಂದು ರೇಷ್ಮೆ ಸೀರೆ ಉಟ್ಟು ಹೊರಟೇಬಿಟ್ಟರು.

ಕಿರಿದಾದ ಬೀದಿಯಲ್ಲಿ, ಹಳೆಯ ಮನೆಯ ಕೆಳಗಿನ ಕೋಣೆ. ಉದ್ದನೆಯ ಮೇಜಿನ ಸುತ್ತ ಬೇರೆ ಬೇರೆ ದೇಶದ ಎಂಟು ಜನ. ನಡೆಸಿಕೊಡುವಾಕೆ ಅರವತ್ತು ದಾಟಿದ ಹೆಂಗಸು, ಒಳ್ಳೆಯ ಇಂಗ್ಲಿಷ್. ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ಮೊದಲೇ ಬರೆದಿದ್ದಳು. ಕರುವಿನ ಹೊಟ್ಟೆಯ ಹೆಪ್ಪು ಬಳಸದೆ, ಮುಳ್ಳುಗಿಡದ ಹೂವಿನ ರಸದಿಂದ ಹಾಲು ಒಡೆಸಿ ಮಾಡಿದ ಕುರಿಹಾಲಿನ ಚೀಸುಗಳನ್ನು ಆಕೆ ನಮಗಾಗಿ ಹುಡುಕಿ ತರಿಸಿದ್ದರು. ಅತ್ತೆಗೆ ದ್ರಾಕ್ಷಿ ರಸ. ಅವರು ಗ್ಲಾಸನ್ನು ತುಟಿಗೆ ಸೋಕಿಸದೆ ಮೇಲಿಂದ ಎತ್ತಿ ಕುಡಿದಾಗ ಇಡೀ ಮೇಜು ಬೆರಗಾಗಿ ನೋಡಿತು.

ಮಗಳು ಬರೆದದ್ದು ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. “ನೀವು ಮೂಗಿನಿಂದಲೇ ಅಡುಗೆ ಮಾಡುತ್ತೀರಂತೆ, ಮಗಳು ಬರೆದಿದ್ದಾಳೆ. ನೀವೇ ಮೊದಲು ಹೇಳಿ” ಎಂದು ಆಕೆ ಒಂದು ಕಪ್ಪು ಗ್ಲಾಸನ್ನು ನನ್ನ ಮುಂದಿಟ್ಟರು. ಒಳಗೇನಿದೆ ಎಂದು ಕಾಣುವಂತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೂ ಕಷ್ಟ. ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, “ಸೇಬಿನ ಹಣ್ಣು. ಹಿಂದೆ ಯಾವುದೋ ಬಿಳಿ ಹೂವು” ಎಂದೆ. ಕಣ್ಣು ಬಿಟ್ಟರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಧೈರ್ಯ ಮಾಡಿ ಗ್ಲಾಸನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಕುಡೀಬೇಡ. ಅದು ವಿನಿಗರ್ರು.”

ಹದ ತಪ್ಪಿದ ವೈನ್ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಲು ಆಕೆ ಮೊದಲು ಅದನ್ನು ಮೂಸಿಸುವುದಂತೆ. ನಾನು ಇಂಗು ತಿಂದ ಮಂಗನ ಹಾಗೆ ಕೂತೆ. ಗಂಡ ಬಾಯಿ ತೆರೆಯುವ ಮೊದಲೇ ಅತ್ತೆ ಅವರಿಗೆ, “ಅವಳಿಗೆ ಫ್ಲೈಟಲ್ಲಿ ಶೀತ ಆಗಿದೆ ಅಂತ ಹೇಳೋ ಆಯಮ್ಮನಿಗೆ” ಎಂದರು. ಗಂಡ ಹೇಳಿದರು. ಆಕೆ ಪಾಪ, ನನ್ನ ಬೆನ್ನು ಸವರಿ ಮುಂದೆ ಹೋದರು.

ಪ್ರತಿ ಚೀಸ್ ಬಂದಾಗಲೂ ಅತ್ತೆ ಒಂದು ಚೂರು ಮುರಿದು ಮೂಸಿ, ಬಾಯಿಗೆ ಹಾಕಿಕೊಂಡು, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. “ಇದು ಮೂರು ದಿನದ ಹುಳಿ ಮೊಸರು. ಕೊನೇಲಿ ಸ್ವಲ್ಪ ಕಹಿ, ಮೆಂತ್ಯದ್ದು.” “ಇದಕ್ಕೆ ಉಪ್ಪು ಒಂದು ಚಿಟಿಕೆ ಮುಂದು.” ವೈನನ್ನು ಮಾತ್ರ ಮೂಸಿ ನನ್ನ ಕಡೆ ಸರಿಸುತ್ತಿದ್ದರು, “ನೆನೆಸಿದ ಬಾದಾಮಿ.” ನಾನು ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ. ಶೀತವಿದ್ದರೂ ಎಂಥ ನಾಲಿಗೆ ಎಂದು ಆಕೆ ನನ್ನನ್ನು ಹೊಗಳಿದರು. ಅತ್ತೆ ತಮಗೆ ಸಂಬಂಧವೇ ಇಲ್ಲವೆನ್ನುವಂತೆ ದ್ರಾಕ್ಷಿ ರಸ ಕುಡಿದರು.

ಹೋಟೆಲಿಗೆ ನಡೆದು ಬರುವಾಗ ಗಂಡ ನಕ್ಷೆ ನೋಡುತ್ತ ಮುಂದೆ ಹೋಗಿದ್ದರು. ನಾನು ಕೇಳಿದೆ, “ಯಾವಾಗ ಗೊತ್ತಾಯ್ತು ನಿಮಗೆ?”

“ನಿನ್ನ ಜ್ವರ ಬಿಟ್ಟ ವಾರಾನೇ, ಒಗ್ಗರಣೆ ಸೀದು ಮನೆ ತುಂಬ ಘಾಟು. ನೀನು ಫೋನಲ್ಲಿ ನಗ್ತಾ ನಿಂತಿದ್ದೆ.”

“ಹಾಗಾದ್ರೆ ಸಾರು?”

“ನೀನು ಮೇಲೆ ಹೋದ ಮೇಲೆ ನೋಡ್ತಿದ್ದೆ. ಒಂದಿನ ಉಪ್ಪೇ ಇರ್ತಿರಲಿಲ್ಲ, ಒಂದಿನ ಎರಡು ಸಲ ಬಿದ್ದಿರ್ತಿತ್ತು. ಮೂಗಿಂದ ಅಷ್ಟು ಸರಿಮಾಡಕ್ಕೆ ನನಗೆ ಬರಲ್ಲ ಕಣಮ್ಮ. ಬಾಯಿಗೇ ಹಾಕ್ಕೊಂಡು ನೋಡ್ದೆ. ದೇವರ ಬಾಗಿಲು ಮುಚ್ಚಿ ಬಂದು ನೋಡ್ತಿದ್ದೆ.”

“ದಿನಾನಾ?”

“ಮತ್ತೆ? ನಾಲ್ಕು ಜನದ ಎದುರು ನಿನ್ನ ಮುಖ ಸಣ್ಣದಾಗ್ಬಾರದು ಅಂತ.”

ಎಪ್ಪತ್ತಾರು ವರ್ಷ ನೈವೇದ್ಯಕ್ಕೆ ಮೊದಲು ಒಂದು ಅಗುಳು ಬಾಯಿಗೆ ಹಾಕದ ಹೆಂಗಸು. ಮಗಳು ಎರಡು ಸಲ ಬಡಿಸಿಕೊಂಡದ್ದು, ಬಳಗದವರು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋದದ್ದು, ಎಲ್ಲ ಅವರ ರುಚಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಮಾಡಿದವರಿಗೆ ನನ್ನ ಅತ್ತೆ ಸಿಕ್ಕಿರಲಿಲ್ಲ. ನಾನು ಬೀದಿಯಲ್ಲೇ ನಿಂತು ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಮೂಗು ಒರೆಸಿ, “ಬರೋದಾದ್ರೆ ಬರುತ್ತೆ ಬಿಡು” ಎಂದರು.

ಕೆಂಡಲ್ ಪಾರ್ಕಿಗೆ ಮರಳಿದ ಮಾರನೆಯ ಬೆಳಿಗ್ಗೆ ಸಾರು ಇಳಿಸಿದೆ. ಮೀಟಿಂಗಿಗೆ ಹತ್ತು ನಿಮಿಷ ತಡವೆಂದು ಮೆಸೇಜ್ ಮಾಡಿ, ಒಲೆಯ ಪಕ್ಕ ಒಂದು ಚಮಚ ಇಟ್ಟು ಅತ್ತೆಯನ್ನು ಕರೆದೆ. ಅವರು ಚಮಚವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹಾಲ್‌ನ ಕಡೆ ತಿರುಗಿದರು.

“ನೀವು ಇಲ್ಲೇ ಇರಿ” ಎಂದೆ. ನಾನೇ ಹೋಗಿ ದೇವರ ಬಾಗಿಲು ಮುಚ್ಚಿ ಬಂದೆ.